ಉಸಿರಿದ್ದೂ ಹೆದರುವ ರಕ್ತ

"ದಿನಕ್ಕ ಎಷ್ಟ ಸಿಗರೇಟ್ ಸೇದ್ತೀರಿ?"

ಕೌಂಟರಿನ ಆಚೆ ಕುಳಿತಿದ್ದ ಯುವಕ ತಲೆ ಎತ್ತಿದ. ಮುಖ ಕೆಂಪಗಿತ್ತು. ಬಿಸಿಲಿನ ಕೆಂಪಲ್ಲ, ಕಣ್ಣಿನ ಬಿಳಿಯಲ್ಲೂ ಎಳೆಎಳೆಯಾಗಿ ಹರಡಿದ ಕೆಂಪು.

"ಯಾರು, ನಾನಾ?"

"ಶ್ರೇಣಿಕ ತಾತ್ಯಾಸಾಹೇಬ, ತೆಲಸಂಗ. ನೀವ ಹೌದಿಲ್ಲೊ?"

"ಹೌದ್ರಿ. ಆದ್ರ ನಾವು ಜೈನರು, ನಮ್ಮನ್ಯಾಗ ಉಳ್ಳಾಗಡ್ಡಿ ಸುದ್ದಾ ತರೂದಿಲ್ರಿ. ಸಿಗರೇಟ್ ಎಲ್ಲಿಂದ ತಂದ್ರಿ ನೀವು?"

ಸ್ನೇಹಲ ನಾಲಿಗೆ ಕಚ್ಚಿಕೊಂಡಳು. ಅಥಣಿಯ ಡಾಕ್ಟರ್ ಕಮರುನ್ನಿಸಾ ಅವರ ರಕ್ತಪರೀಕ್ಷೆ ಲ್ಯಾಬಿನಲ್ಲಿ ಅವಳಿಗೆ ಇದು ಆರನೇ ವರ್ಷ. ಗಂಡಸರ ಹಿಮೋಗ್ಲೋಬಿನ್ ಹದಿನೈದರ ಆಸುಪಾಸು ಇರುವುದನ್ನು ಸಾವಿರಾರು ಸಲ ನೋಡಿದ್ದಳು. ಸಿಗರೇಟ್ ಸೇದುವವರದು ತುಸು ಏರಿರುತ್ತದೆ; ಈತನದು ಇಪ್ಪತ್ತೊಂದು ಪಾಯಿಂಟ್ ಆರು. ಮೂರು ಸಲ ಹಾಕಿದರೂ ಅಷ್ಟೇ. ಯಂತ್ರ ಕೆಟ್ಟಿರಬಹುದೆಂದು ತನ್ನ ರಕ್ತವನ್ನೇ ತೆಗೆದು ಹಾಕಿ ನೋಡಿದ್ದಳು.

"ನಿಮ್ಮ ಮಶೀನ್ ಬರೋಬರಿ ಐತೇನ್ರಿ?" ಅವನು ಕೇಳಿದ.

"ಐತ್ರಿ. ನನ್ನ ರಕ್ತ ಹಾಕಿ ನೋಡೀನಿ."

"ನಿಮ್ಮದೆಷ್ಟ ಬಂತು?"

ಹೇಳಬಾರದಿತ್ತು. ಆದರೂ ಬಾಯಿಗೆ ಬಂತು. "ಹತ್ತು ಪಾಯಿಂಟ್ ನಾಕು."

ಅವನು ಒಂದು ಕ್ಷಣ ಕಣ್ಣು ಮುಚ್ಚಿ ಲೆಕ್ಕ ಹಾಕಿದ. "ಇಬ್ಬರದೂ ಕೂಡಿಸಿ ಅರ್ಧಾ ಮಾಡಿದ್ರ ಹದಿನಾರು. ಮತ್ತೇನ್ರಿ, ಎಲ್ಲಾ ಸರಿ ಐತಲ್ಲ!"

ಸ್ನೇಹಲ ನಕ್ಕಳು. ನಕ್ಕದ್ದು ಅರ್ಧಕ್ಕೇ ನಿಂತಿತು. ಕೈಯಲ್ಲಿದ್ದ ಅವನ ರಕ್ತದ ನಳಿಕೆಯನ್ನು ಓರೆ ಮಾಡಿದರೆ, ಒಳಗಿನ ರಕ್ತ ನೀರಿನಂತೆ ಹರಿಯದೆ ಕಾಕಂಬಿಯಂತೆ ನಿಧಾನ ಜಾರುತ್ತಿತ್ತು.

"ತಲಿ ನೂಸ್ತೈತೇನ್ರಿ?"

"ದಿನಾ."

"ಮನ್ಯಾಗ ಮತ್ತ ಯಾರಿಗರೆ ಹಿಂಗ ಇತ್ತೇನ್ರಿ?"

ಅವನ ಮುಖದ ತುಂಟತನ ಆರಿತು. "ಅಣ್ಣಗಿತ್ತು. ಸುಹಾಸಣ್ಣಗ. ಮಿದುಳಾಗ ರಕ್ತ ಹೆಪ್ಪುಗಟ್ಟೇತಿ ಅಂದ್ರು. ಮೂವತ್ತಮೂರಕ್ಕ ಹ್ವಾದ."

"ನಿಮಗೀಗ?"

"ಮೂವತ್ತೆರಡು."

*

ಡಾಕ್ಟರ್ ಕಮರುನ್ನಿಸಾ ಅವನ ಬೆರಳಿಗೆ ಕ್ಲಿಪ್ ಹಾಕಿದರು. ಆಮ್ಲಜನಕ ತೊಂಬತ್ತೆಂಟು. ಶ್ವಾಸಕೋಶ ಸ್ವಚ್ಛ, ಹೃದಯ ಗಟ್ಟಿ.

"ಭಾಳ ಎತ್ತರದ ಬೆಟ್ಟದ ಮ್ಯಾಲ ಇರಾಕ ಹ್ವಾದವರ ರಕ್ತ ಹಿಂಗ ಗಟ್ಟಿ ಆಗ್ತೈತಿ," ಎಂದರು. "ನೀವು ತೆಲಸಂಗದಾಗ ಇರಾವ್ರು. ಗಾಳಿ ಕಮ್ಮಿ ಇಲ್ಲ. ಆದ್ರ ಗಾಳಿ ಕಮ್ಮಿ ಆಗೇತಿ ಅಂತ ನಿಮ್ಮ ದೇಹಕ್ಕ ಅನಸಾಕತ್ತೈತಿ."

ಜೀನ್ ಪರೀಕ್ಷೆಗೆ ರಕ್ತ ಪುಣೆಗೆ ಹೋಯಿತು. ವರದಿಗೆ ಎರಡು ತಿಂಗಳು. ಅಲ್ಲಿಯವರೆಗೆ ತಲೆನೋವು ತಗ್ಗಲು ಎರಡು ವಾರಕ್ಕೊಮ್ಮೆ ಮುನ್ನೂರು ಮಿಲಿ ರಕ್ತ ತೆಗೆಯುವುದೆಂದು ತೀರ್ಮಾನವಾಯಿತು. ತೆಗೆಯುವವಳು ಸ್ನೇಹಲ.

ಹೀಗೆ ಸೋಮವಾರದ ಬೆಳಗುಗಳು ಶುರುವಾದವು.

ಶ್ರೇಣಿಕನಿಗೆ ಸೂಜಿ ನೋಡಲು ಆಗುತ್ತಿರಲಿಲ್ಲ. ಅತ್ತ ತಿರುಗಲೆಂದು ಅವಳು ಹೇಳಿದರೆ ಇತ್ತ ತಿರುಗಿ ಅವಳ ಮುಖವನ್ನೇ ನೋಡುತ್ತಿದ್ದ. ಬ್ಯಾಂಡು ಕಟ್ಟುವಾಗ, ನರ ಹುಡುಕುವಾಗ, ಅವಳ ಹುಬ್ಬು ಗಂಟಾಗುವುದನ್ನು ನೋಡುತ್ತಿದ್ದ.

"ಅಲ್ಲಿ ಕ್ಯಾಲೆಂಡರ್ ನೋಡ್ರಿ."

"ಅದರಾಗ ಹೋದ ವರ್ಷದ ತಾರೀಖ ಐತ್ರಿ. ಇಲ್ಲೆ ಎಲ್ಲಾ ಹೊಸಾದೈತಿ."

"ಮಾತಾಡಿದ್ರ ಕೈ ಅಳ್ಳಾಡ್ತೈತಿ."

"ನನ್ನ ಕೈ ಅಲ್ರಿ, ನಿಮ್ಮದ ಅಳ್ಳಾಡಾಕತ್ತೈತಿ."

ನಿಜವೇ. ಅಷ್ಟು ದಪ್ಪ ರಕ್ತ ನಳಿಕೆಯಲ್ಲಿ ಎಲ್ಲಿ ನಿಂತುಬಿಡುವುದೋ ಎಂದು ಅವಳಿಗೆ ಪ್ರತಿಸಲವೂ ಹೆದರಿಕೆ. ಅದರ ಜೊತೆಗೆ ಬೇರೆಯದೂ ಒಂದು ನಡುಕವಿತ್ತು. ಅದನ್ನು ಅವಳು ಆಗ ಹೆಸರಿಟ್ಟು ಕರೆಯಲಿಲ್ಲ.

ಅವನದು ದ್ರಾಕ್ಷಿತೋಟ. ಹೋಗುವಾಗ ಒಂದು ಪೊಟ್ಟಣ ಒಣದ್ರಾಕ್ಷಿ ಮೇಜಿನ ಮೇಲಿಡುತ್ತಿದ್ದ. "ನಿಮ್ಮ ಹತ್ತು ಪಾಯಿಂಟ್ ನಾಕರ ಸಲುವಾಗಿ," ಎನ್ನುತ್ತಿದ್ದ. ಅವನು ಹೋದ ಮೇಲೆ ಬಾಗಿಲ ಕಡೆ ನೋಡುತ್ತ ಅವಳು ಒಂದೊಂದೇ ತಿನ್ನುತ್ತಿದ್ದಳು.

ಮೂರನೇ ಸಲ ಬಂದಾಗ ಅವನು ನಗದೆ ಕೇಳಿದ: "ನನ್ನ ದೇಹಕ್ಕ ಯಾಕ ಹಂಗ ಅನಸ್ತೈತ್ರಿ? ತಿಳಿಯೂಹಂಗ ಹೇಳ್ರಿ."

ಸ್ನೇಹಲ ಒಂದು ಫಾರ್ಮಿನ ಹಿಂಬದಿಯಲ್ಲಿ ದುಂಡಗೆ ಗೆರೆ ಎಳೆದಳು. "ಇದೊಂದು ಜೀವಕೋಶ ಅನ್ಕೋರಿ. ಇದರಾಗ ಹಿಫ್ ಅಂತ ಒಂದ ಪ್ರೋಟೀನ್ ಸದಾ ತಯಾರ ಆಗ್ತಿರ್ತೈತಿ. ಆದಂಗ ಆದಂಗ ಜೀವಕೋಶನ ಅದನ್ನ ನಾಶಾನೂ ಮಾಡ್ತೈತಿ."

"ನಾಶಾ ಮಾಡೂದಿದ್ರ ತಯಾರ ಮಾಡೂದ್ಯಾಕ?"

"ಗಾಳಿ ಒಮ್ಮೆಲೆ ಕಮ್ಮಿ ಆತಂದ್ರ ಆವಾಗ ಮಾಡಾಕ ಕುಂತ್ರ ತಡಾ ಆಗ್ತೈತ್ರಿ. ಅದಕ್ಕ ಮೊದಲ ಮಾಡ್ಕೋತನ ಇರ್ತೈತಿ. ಆಮ್ಲಜನಕ ಸಾಕಷ್ಟ ಇದ್ದಾಗ, ಒಂದು ಕಿಣ್ವ ಅದ ಆಮ್ಲಜನಕಾನ ತಗೊಂಡು ಹಿಫ್ ಮ್ಯಾಲ ಸಣ್ಣ ಗುರ್ತ ಹಾಕ್ತೈತಿ. ವಿ.ಎಚ್.ಎಲ್. ಅಂತ ಇನ್ನೊಂದ ಪ್ರೋಟೀನ್ ಐತಿ. ಅದು ಆ ಗುರ್ತ ಹಿಡದು ಹಿಫ್‌ನ್ನ ನಾಶಕ್ಕ ಕಳಸ್ತೈತಿ."

"ಆಮ್ಲಜನಕ ಇಲ್ಲಂದ್ರ ಗುರ್ತಿಲ್ಲ."

"ಹಾಂ. ಗುರ್ತಿಲ್ಲಂದ್ರ ಹಿಫ್ ಉಳಕೋತೈತಿ. ಜೀವಕೋಶದ ನಡುವಿನ ಕೇಂದ್ರಕ್ಕ ಹೋಗಿ, ಗಾಳಿ ಕಮ್ಮಿ ಇದ್ದಾಗ ಬೇಕಾಗು ಜೀನ್‌ಗಳನ್ನ ಎಬ್ಬಸ್ತೈತಿ. ಕಿಡ್ನಿ ಆವಾಗ ಒಂದು ಹಾರ್ಮೋನ್ ಬಿಡ್ತೈತಿ. ಎಲುಬಿನೊಳಗಿನ ಮಜ್ಜೆ ಅದನ್ನ ಕೇಳಿ ಕೆಂಪು ರಕ್ತಕಣ ಹೆಚ್ಚ ಮಾಡ್ತೈತಿ. ಗಾಳಿ ಕಮ್ಮಿ ಇದ್ದವರಿಗೆ ಅದರಿಂದ ಜೀವಾ ಉಳೀತೈತಿ. ನಿಮ್ಮೊಳಗ ಗುರ್ತ ಹಾಕೂದ್ರಾಗ ತಪ್ಪಾಗೇತೊ, ಹಿಡಿಯೂದ್ರಾಗ ತಪ್ಪಾಗೇತೊ, ವರದಿ ಬಂದ ಮ್ಯಾಲ ಗೊತ್ತಾಗ್ತೈತಿ."

ಅವನು ಆ ದುಂಡು ಗೆರೆಯ ಮೇಲೆ ಬೆರಳಾಡಿಸಿದ. "ಅಂದ್ರ ನಾ ಇಲ್ಲೆ ಆರಾಮ ಕುಂತಾಗೂ, ಉಸರ ಕಟ್ಟೇತಿ ಅಂತ ಒಳಗ ಒಂದೊಂದ ಜೀವಕೋಶಾನೂ ಅಂಜಾಕತ್ತೈತಿ."

ಸ್ನೇಹಲ ಸೂಜಿ ತೆಗೆದಳು. ಹತ್ತಿ ಒತ್ತಿ ಹಿಡಿದ ಬೆರಳನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅವನ ತೋಳಿನ ಮೇಲೆಯೇ ಬಿಟ್ಟಳು.

"ನಮ್ಮ ಅವ್ವ ಮದುವಿಗೆ ಅವಸರ ಮಾಡಾಕತ್ತಾಳ್ರಿ," ಎಂದ ಅವನು ತೋಳು ಮಡಿಸುತ್ತ. "ನನ್ನ ಸೋದರಮಾವನ ಮಗಳು ಮನಿಷಾ, ನಿಪ್ಪಾಣಿಯಾಗ ಇರ್ತಾಳ. ನಾ ಒಲ್ಲೆ ಅಂದೀನಿ. ಸುಹಾಸಣ್ಣನ ಹೇಣ್ತಿ, ನಮ್ಮ ವೈನಿ, ಇಪ್ಪತ್ತಾರಕ್ಕ ವಿಧವಿ ಆದ್ಳು. ಅದನ್ನ ನೋಡಿ ಇನ್ನೊಬ್ಬಾಕಿನ್ನ ತರಬೇಕಾ?"

"ಅವ್ವನ ತವರಮನ್ಯಾಕೀನ?"

"ನಮ್ಮನ್ಯಾಗ ಅದ ಪದ್ಧತಿ. ನಮ್ಮವ್ವ ಸುದ್ದಾ ಅಪ್ಪನ ಸ್ವಂತ ಅಕ್ಕನ ಮಗಳು."

ಲೇಬಲ್ ಬರೆಯುತ್ತಿದ್ದ ಸ್ನೇಹಲಳ ಕೈ ನಿಂತಿತು. ಆರು ವರ್ಷದಲ್ಲಿ ಡಾಕ್ಟರ್ ಬಾಯಿಂದ ಕೇಳಿದ್ದು ಅವಳಿಗೆ ನೆನಪಾಯಿತು: ರಕ್ತಸಂಬಂಧದ ಮದುವೆಯಲ್ಲಿ, ತಂದೆಯಲ್ಲೂ ತಾಯಿಯಲ್ಲೂ ಸುಮ್ಮನೆ ಅಡಗಿದ್ದ ಒಂದೇ ದೋಷ ಮಗುವಿನಲ್ಲಿ ಜೋಡಿಯಾಗಿ ಎದ್ದುಬಿಡಬಹುದು. ಹೇಳಲು ಬಾಯಿ ತೆರೆದಳು. ಮರುಕ್ಷಣ ಇನ್ನೊಂದು ಹೆದರಿಕೆ ಅಡ್ಡ ಬಂತು. ಆ ಮದುವೆ ನಿಲ್ಲಲಿ ಎಂದು ತನ್ನ ಮನಸ್ಸೇ ಬಯಸುತ್ತಿರುವಾಗ, ತಾನಾಡುವ ಮಾತು ವಿಜ್ಞಾನವೋ ಸ್ವಾರ್ಥವೋ?

ವರದಿ ಬರಲಿ ಎಂದುಕೊಂಡು ಸುಮ್ಮನಾದಳು.

*

ಮಾರ್ಚಿನ ಕೊನೆಯ ರವಿವಾರ ಬೆಳಿಗ್ಗೆ ಅವಳು ತೆಲಸಂಗದ ಬಸ್ಸು ಹತ್ತಿದಳು. ದ್ರಾಕ್ಷಿ ಒಣಗಿಸುವುದನ್ನು ಒಮ್ಮೆ ನೋಡಬೇಕೆಂದು ಅವನು ಕರೆದಿದ್ದ. ನಾಲ್ಕು ಸಲ ರಕ್ತ ತೆಗೆದಾಗಿತ್ತು. ತಲೆನೋವು ತಗ್ಗಿತ್ತು, ಹಿಮೋಗ್ಲೋಬಿನ್ ಹತ್ತೊಂಬತ್ತಕ್ಕೆ ಇಳಿದಿತ್ತು. ಅವಳ ಮನಸ್ಸು ಸ್ವಲ್ಪ ಹಗುರಾಗಿತ್ತು.

ಶೆಡ್ಡಿನಲ್ಲಿ ಒಂದರ ಮೇಲೊಂದು ಕಟ್ಟಿದ ಜಾಲರಿಗಳ ಮೇಲೆ ಗೊಂಚಲುಗಳು ಹರಡಿದ್ದವು. ಸಿಹಿ ವಾಸನೆ, ಜಾಲರಿಯೊಳಗಿಂದ ಬೀಸುವ ಬಿಸಿ ಗಾಳಿ. ಅವನು ಮೆಟ್ಟಿಲಿನ ಮೇಲೆ ನಿಂತು ಮೇಲಿನ ಸಾಲಿನಿಂದ ಒಂದು ಗೊಂಚಲು ತೆಗೆದ.

"ಇವತ್ತ ಸೂಜಿ ತಂದಿಲ್ಲಲ್ಲ?"

"ಚೀಲದಾಗ ಐತ್ರಿ. ಹುಷಾರ್."

"ಸೂಜಿ ಇಲ್ದನೂ ನೀವು ಚುಚ್ಚತೀರಿ. ನೋಡಿದ್ರ ಸಾಕು..."

ಅವಳು ನಾಚಿ ಕೆಳಗೆ ನೋಡಿದಳು. ಮುಂದಿನ ಮಾತಿಗೆ ಕಾದಳು. ಮಾತು ಬಂತು, ಆದರೆ ಅದು ಮಾತಾಗಿರಲಿಲ್ಲ. ನೆನೆದ ಬಟ್ಟೆಯಂತೆ ಜೋತ ಸದ್ದು. ತಲೆ ಎತ್ತುವಷ್ಟರಲ್ಲಿ ಗೊಂಚಲು ಅವನ ಬಲಗೈಯಿಂದ ಜಾರಿ ಅವಳ ಪಾದದ ಬಳಿ ಬಿತ್ತು. ಅವನ ಬಾಯಿಯ ಒಂದು ಬದಿ ಕೆಳಗೆ ಇಳಿದಿತ್ತು. ಎಡಗೈ ಕಂಬ ಹಿಡಿದಿತ್ತು. ಕಣ್ಣುಗಳಲ್ಲಿ ಪೂರ್ತಿ ಎಚ್ಚರವಿತ್ತು. ತನಗೆ ಏನಾಗುತ್ತಿದೆ ಎಂದು ಅವನಿಗೆ ಗೊತ್ತಾಗುತ್ತಿತ್ತು.

ಅಣ್ಣ ಬಿದ್ದದ್ದೂ ಇದೇ ಶೆಡ್ಡಿನಲ್ಲಿ ಎಂದು ಅವನು ಒಮ್ಮೆ ಹೇಳಿದ್ದ.

ಸ್ನೇಹಲ ಕಿರುಚಲಿಲ್ಲ. ಭುಜ ಕೊಟ್ಟು ಅವನನ್ನು ಇಳಿಸಿದಳು. ಅವನ ತಾಯಿ ಗಂಗೂಬಾಯಿ ಮನೆಯಿಂದ ಓಡಿ ಬಂದರು. ತೋಟದ ಆಳು ಮಲಕಾರಿ ಗಾಡಿ ತೆಗೆದ. ಮಿರಜ್ ದೊಡ್ಡಾಸ್ಪತ್ರೆಗೆ ಒಂದೂವರೆ ಗಂಟೆ ದಾರಿ. ಹಿಂದಿನ ಸೀಟಿನಲ್ಲಿ ಅವನ ತಲೆ ಅವಳ ಭುಜದ ಮೇಲಿತ್ತು. ಗಂಗೂಬಾಯಿ ಮುಂದೆ ಕೂತು ಣಮೋಕಾರ ಮಂತ್ರ ಹೇಳುತ್ತಿದ್ದರು.

"ನಿಮ್ಮ ಹೆಸರೇನ್ರಿ? ಹೇಳ್ರಿ ನನಗ."

ಅವನ ತುಟಿ ಅಲುಗಿತು. ಏನೂ ಬರಲಿಲ್ಲ.

"ಊರು? ಊರ ಹೇಳ್ರಿ."

ಅಥಣಿ ಹಿಂದೆ ಬಿತ್ತು. ಅವಳು ಕೇಳುತ್ತಲೇ ಇದ್ದಳು. ಕೇಳುವುದನ್ನು ನಿಲ್ಲಿಸಿದರೆ ಅವನು ಹೋಗಿಬಿಡುತ್ತಾನೆ ಎಂಬಂತೆ ಕೇಳುತ್ತಿದ್ದಳು. ಅವನ ಮಣಿಕಟ್ಟಿನ ಮೇಲೆ ಅವಳ ಬೆರಳಿತ್ತು. ನಾಡಿ ಇತ್ತು, ಉಸಿರಿತ್ತು. ಇಷ್ಟೆಲ್ಲ ಇದ್ದೂ ಮಿದುಳಿನ ಯಾವುದೋ ಮೂಲೆಗೆ ಈ ದಪ್ಪ ರಕ್ತ ತಲುಪುತ್ತಿಲ್ಲ. ಅಲ್ಲಿ ಮಾತ್ರ ಈಗ ನಿಜವಾಗಿಯೂ ಆಮ್ಲಜನಕವಿಲ್ಲ.

ಕಾಗವಾಡದ ಗಡಿ ತಪಾಸಣೆ ನಾಕೆಯಲ್ಲಿ ಲಾರಿಗಳ ಸಾಲು. ಮಲಕಾರಿ ಹಾರ್ನು ಒತ್ತುತ್ತಲೇ ಇದ್ದ.

"ಸ್ನೇ..."

ಅವಳು ಬಗ್ಗಿದಳು.

"ಸ್ನೇ... ಹಲ."

ಅವನ ಹೆಸರಲ್ಲ, ಅವನ ಊರಲ್ಲ. ಅವನಿಗೆ ಮೊದಲು ಮರಳಿ ಬಂದ ಶಬ್ದ ಇದು. ಮುಂದಿನ ಸೀಟಿನಲ್ಲಿ ಮಂತ್ರ ಒಂದು ಕ್ಷಣ ನಿಂತದ್ದು ಅವಳಿಗೆ ಕೇಳಿಸಿತು.

*

ಮಿರಜ್ ತಲುಪುವಷ್ಟರಲ್ಲಿ ಕೈಗೆ ಬಲ ಬಂದಿತ್ತು. ಮಿದುಳಿನಲ್ಲಿ ಶಾಶ್ವತ ಗಾಯವಾಗಿಲ್ಲ, ಇದು ಎಚ್ಚರಿಕೆ ಮಾತ್ರ, ಎಂದು ಅಲ್ಲಿನ ವೈದ್ಯರು ಹೇಳಿದರು. ಮರುದಿನ ಬೆಳಿಗ್ಗೆ ಡಾಕ್ಟರ್ ಕಮರುನ್ನಿಸಾ ಫೋನ್ ಮಾಡಿದರು. ಪುಣೆಯ ವರದಿ ಬಂದಿತ್ತು. ತಪ್ಪಿದ್ದದ್ದು ಗುರುತು ಹಿಡಿಯುವ ವಿ.ಎಚ್.ಎಲ್.ನಲ್ಲಿ. ತಂದೆಯಿಂದ ಬಂದ ಜೀನ್, ತಾಯಿಯಿಂದ ಬಂದ ಜೀನ್, ಎರಡರಲ್ಲೂ ಅದೇ ಒಂದು ದೋಷ.

ಮಿರಜಿನ ರಕ್ತರೋಗ ತಜ್ಞರು ವರದಿ ನೋಡಿ ಇನ್ನೊಂದು ಮಾತು ಹೇಳಿದರು. ಗುರುತು ಹಾಕುವ ಕಿಣ್ವಕ್ಕೆ ಕೆಲಸ ಮಾಡಲು ಕಬ್ಬಿಣ ಬೇಕು. ರಕ್ತ ತೆಗೆದಂತೆಲ್ಲ ಶ್ರೇಣಿಕನ ಮೈಯ ಕಬ್ಬಿಣ ಬರಿದಾಗಿತ್ತು. ಹಿಡಿಯುವುದು ಮೊದಲೇ ಮಂದ. ಈಗ ಗುರುತು ಹಾಕುವುದೂ ಮಂದವಾಗಿ, ಹಿಫ್ ಮತ್ತಷ್ಟು ಉಳಿದುಕೊಂಡಿರಬೇಕು. ಇಂಥ ರೋಗಿಗಳಲ್ಲಿ ರಕ್ತ ತೆಗೆದರೆ ಹೆಪ್ಪುಗಟ್ಟುವುದು ಹೆಚ್ಚಿದ ಉದಾಹರಣೆಗಳಿವೆ. ಇನ್ನು ತೀರ ಅನಿವಾರ್ಯವಾದರೆ ಮಾತ್ರ ತೆಗೆಯಬೇಕು; ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ತಪ್ಪಿಸಬಾರದು.

"ವರದಿ ಬರೂಮಟಾ ಇದು ಯಾರಿಗೂ ಗೊತ್ತಾಗೂಹಂಗ ಇರ್ಲಿಲ್ಲ," ಎಂದರು ಕಮರುನ್ನಿಸಾ ಫೋನಿನಲ್ಲಿ. "ತೆಗೀ ಅಂದಾಕಿ ನಾನು. ನೀ ಮನಸಿಗೆ ಹಚ್ಕೋಬ್ಯಾಡ."

ಸ್ನೇಹಲ ಕಾರಿಡಾರಿನ ಬೆಂಚಿನ ಮೇಲೆ ತನ್ನ ಎರಡೂ ಅಂಗೈ ನೋಡಿಕೊಂಡಳು. ನಾಲ್ಕು ಸೋಮವಾರ, ಅಷ್ಟು ಜೋಪಾನದಿಂದ, ಅಷ್ಟು ಪ್ರೀತಿಯಿಂದ, ಈ ಕೈಗಳೇ ಅವನೊಳಗಿನ ಹೆದರಿಕೆಯನ್ನು ಬೆಳೆಸಿದ್ದವು.

ಇನ್ನು ಸುಮ್ಮನಿರುವುದು ಸಾಧ್ಯವಿರಲಿಲ್ಲ. ಕ್ಯಾಂಟೀನಿನಲ್ಲಿ ಗಂಗೂಬಾಯಿಯ ಎದುರು ಕುಳಿತಳು. ಇಬ್ಬರ ಚಹಾದ ಮೇಲೂ ಕೆನೆ ಕಟ್ಟಿತ್ತು.

"ಕಾಕೂ, ಮನಿಷಾನ್ನ ಪರೀಕ್ಷಾ ಮಾಡಿಸಲಾರದ ಮದುವಿ ಮಾತ ಆಡಬ್ಯಾಡ್ರಿ. ಈ ದೋಷ ನಿಮ್ಮ ಮನೆತನದಾಗ ಅಡಗೇತಿ. ಒಂದ ಪ್ರತಿ ಇದ್ದವರಿಗೆ ಏನೂ ಆಗೂದಿಲ್ರಿ, ನಿಮಗ ಆಗಿಲ್ಲಲ್ಲ, ಹಂಗ. ಎರಡೂ ಕೂಡಿದ್ರ ಹಿಂಗ ಆಗ್ತೈತಿ."

ಗಂಗೂಬಾಯಿ ಚಹಾದ ಲೋಟ ಬದಿಗೆ ಸರಿಸಿದರು.

"ಅಂದ್ರ ಸುಹಾಸಗ ನಾನ ಕೊಟ್ಟಿನಿ."

"ಕಾಕೂ, ಹಂಗ ಅನ್ನಬ್ಯಾಡ್ರಿ. ನಿಮಗ ಗೊತ್ತಿರ್ಲಿಲ್ಲ."

"ನಾ ಹೊಟ್ಯಾಗ ಇಟ್ಕೊಂಡ ಕೊಟ್ಟಿನಿ." ಅವರ ಕಣ್ಣು ಒಣಗಿಯೇ ಇತ್ತು. ಆಮೇಲೆ ಅದೇ ಒಣಕಣ್ಣನ್ನು ಸ್ನೇಹಲಳ ಮೇಲೆ ನೆಟ್ಟರು. "ತಂಗೀ, ಒಂದ ಮಾತ ಖರೆ ಹೇಳು. ಗಾಡ್ಯಾಗ ಅಂವಾ ನಿನ್ನ ಹೆಸರ ಕರದ. ನಿನಗ ಅಂವಾ ಬೇಕಾಗ್ಯಾನ. ಅದಕ್ಕ ಮನಿಷಾ ಬ್ಯಾಡ ಅಂತಿಯೇನು?"

ಎರಡು ತಿಂಗಳಿಂದ ಇದೇ ಪ್ರಶ್ನೆಗೆ ಹೆದರಿದ್ದಳು. ಈಗ ಎದುರಿಗೆ ಬಂದಾಗ ಉತ್ತರ ಸುಲಭವಾಗಿತ್ತು.

"ಬೇಕಾಗ್ಯಾರ್ರಿ. ಸುಳ್ಳ ಹೇಳೂದಿಲ್ಲ. ಆದ್ರ ಅದಕ್ಕ ಹೇಳಾಕತ್ತಿಲ್ಲ. ನನ್ನ ಮಾತ ಬಿಡ್ರಿ, ಡಾಕ್ಟರನ್ನ ಕೇಳ್ರಿ. ನನ್ನನ್ನ ಮನಿಗೆ ತರಬ್ಯಾಡ್ರಿ ಬೇಕಾದ್ರ. ಮನಿಷಾನ್ನ ಮಾತ್ರ ಪರೀಕ್ಷಾ ಮಾಡಸ್ರಿ."

ಅವನ ಎದುರು ಇನ್ನೂ ಆಡದ ಮಾತನ್ನು ಅವನ ತಾಯಿಯೆದುರು ಆಡಿಬಿಟ್ಟಿದ್ದಳು. ಗಂಗೂಬಾಯಿ ಎದ್ದು ವಾರ್ಡಿನ ಕಡೆ ನಡೆದರು.

ಆ ಸಂಜೆ ಶ್ರೇಣಿಕ ಗೋಡೆ ನೋಡುತ್ತ ಹೇಳಿದ: "ನೀವು ಇನ್ನ ಬರಬ್ಯಾಡ್ರಿ. ಶೆಡ್‌ನ್ಯಾಗ ನನ್ನ ಮಾರಿ ನೋಡಿದ್ರಲ್ಲ, ಅದನ್ನ ದಿನಾ ಕಾಯಕೋಂತ ಕುಂದರೂ ಬಾಳೇವು ನಿಮಗ ಬ್ಯಾಡ."

*

ಆರು ವಾರ ಅವನು ಲ್ಯಾಬಿಗೆ ಬರಲಿಲ್ಲ. ಫೋನ್ ಎತ್ತಲಿಲ್ಲ. ಬೆಳಿಗ್ಗೆ ಲ್ಯಾಬಿನ ಫೋನು ಹೊಡೆದುಕೊಂಡಾಗಲೆಲ್ಲ ಸ್ನೇಹಲ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದಳು. ಮೇ ತಿಂಗಳ ಹದಿನಾಲ್ಕಕ್ಕೆ ಅವನಿಗೆ ಮೂವತ್ತಮೂರು ತುಂಬುವುದೆಂದು ಅವನ ಫಾರ್ಮಿನಲ್ಲಿತ್ತು. ಆ ದಿನ ಅವಳು ಊಟ ಮಾಡಲಿಲ್ಲ.

ಆಮೇಲಿನ ರವಿವಾರ ಅವಳು ಅಲಖನೂರಿನ ತನ್ನ ಮನೆಯಲ್ಲಿದ್ದಳು. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲಲ್ಲಿ ಗಾಡಿ ನಿಂತಿತು. ಗಂಗೂಬಾಯಿ ಇಳಿದರು. ಹಿಂದೆ ಶ್ರೇಣಿಕ, ತೆಳ್ಳಗಾಗಿ, ಆದರೆ ಇಳಿದು ನಡೆದು ಬರುತ್ತ.

"ಇವರ ಅಪ್ಪ-ಅವ್ವನ ಕೂಡ ನಾ ಮಾತಾಡ್ತೀನಿ," ಎಂದರು ಗಂಗೂಬಾಯಿ ಮಗನಿಗೆ. "ನೀವಿಬ್ಬರೂ ಹೊರಗ ಇರ್ರಿ."

ಮನೆಯ ಹಿಂದೆ ಕಬ್ಬಿನ ಗದ್ದೆ. ಕಾಲುವೆಯ ದಂಡೆಯ ಮೇಲೆ ಇಬ್ಬರೂ ಒಂದು ಮಾರು ದೂರದಲ್ಲಿ ನಿಂತರು.

"ಮನಿಷಾನ ವರದಿ ಬಂತು," ಎಂದ ಅವನು. "ಆಕಿಗೂ ಒಂದ ಪ್ರತಿ ಐತಿ. ನಮಗ ಮಕ್ಕಳಾಗಿದ್ರ ಇಬ್ಬರಾಗ ಒಬ್ಬರಿಗೆ ನನ್ನಂಗ ಆಗ್ತಿತ್ತೇನೊ. ಆಕಿ ಫೋನ್ ಮಾಡಿ ಅತ್ಲು. ನಿಮಗ ಥ್ಯಾಂಕ್ಸ್ ಹೇಳಂದ್ಲು."

"ನನ್ನ ರಕ್ತಾನೂ ಪುಣೆಕ್ಕ ಕಳಿಸೀನ್ರಿ, ಹೋದ ವಾರ," ಎಂದಳು ಸ್ನೇಹಲ. "ನಾವೂ ನಿಮ್ಮ ಸಮಾಜದವರ. ಎಲ್ಲೆರೆ ಹಳೇ ಸಂಬಂಧ ಇರಬಹುದು."

ಅವನು ಬೆಚ್ಚಿ ಅವಳನ್ನು ನೋಡಿದ. "ನಾ ಬರಬ್ಯಾಡ ಅಂದಿನ್ನಿ."

"ನೀವು ಬರಬ್ಯಾಡ ಅಂದಿದ್ರಿ. ನೆನಸಬ್ಯಾಡ ಅಂದಿರ್ಲಿಲ್ಲ."

ಗಾಳಿಗೆ ಕಬ್ಬಿನ ಗರಿ ಸರಸರ ಎಂದಿತು. ಅವನ ತುಟಿಯ ತುದಿ ನಗಲು ಹೋಗಿ ನಡುಗಿತು.

"ಸ್ನೇಹಲ," ಎಂದ. ಕಾಗವಾಡದ ನಾಕೆಯ ನಂತರ ಅವನು ಬರೀ ಹೆಸರು ಹಿಡಿದು ಕರೆದದ್ದು ಈಗಲೇ. "ನನಗ ಭಾಳ ಹೆದರಿಕಿ ಐತಿ. ಮುಂಜಾನೆ ಎದ್ದ ಕೂಡ್ಲೆ ಬಲಗೈ ಮಡಚಿ ನೋಡ್ತೀನಿ. ಆಮ್ಯಾಲ ನಿನ್ನ ಹೆಸರ ಜೋರಾಗಿ ಅಂದ ನೋಡ್ತೀನಿ, ನಾಲಿಗಿ ಹೊಳ್ಳತೈತೊ ಇಲ್ಲೊ ಅಂತ. ಎಷ್ಟ ವರ್ಷ ಹಿಂಗ ಅಂತೀನೊ ಗೊತ್ತಿಲ್ಲ. ಆದ್ರ ಆ ಹೆಸರಿನಾಕಿ ಎದುರಿಗೆ ಇರಬೇಕು ಅನಸ್ತೈತಿ. ಹಿಂಗ ಅನ್ನೂದು ತಪ್ಪೇನು?"

ಅವಳ ಕಣ್ಣು ತುಂಬಿತು. "ನನಗೂ ಹೆದರಿಕಿ ಐತಿ. ನನ್ನ ಕೈಲೆ ಆಗಿದ್ದು ನನಗ ಮರಿಯಾಕ ಆಗವಲ್ದು."

"ನಿನ್ನ ಕೈ ಇರದಿದ್ರ ಶೆಡ್‌ನ್ಯಾಗ ಬಿದ್ದಲ್ಲೆ ಬಿದ್ದಿರ್ತಿದ್ದೆ." ಅವನು ಒಂದು ಹೆಜ್ಜೆ ಹತ್ತಿರ ಬಂದ. "ಮತ್ತ ಹೆಂಗ ಮಾಡೂಣು?"

"ಅಂಜಕೋಂತನ ಮದುವಿ ಆಗೂಣು," ಎಂದಳು.

"ನಿನ್ನ ವರದಿ ಬರ್ಲಿ. ಏನ ಬರ್ತೈತೊ..."

"ಮಕ್ಕಳ ಮಾತು ವರದಿಗೆ ಬಿಡೂಣು. ನಮ್ಮ ಮಾತು ಅದಕ್ಕ ಬಿಡೂದು ಬ್ಯಾಡ."

ಒಳಗಿನಿಂದ ಗಂಗೂಬಾಯಿಯ ದನಿ ಕೇಳಿಸುತ್ತಿತ್ತು. ಅವರು ಸುಹಾಸನ ಬಗ್ಗೆ ಹೇಳುತ್ತಿದ್ದರು: ಮೂವತ್ತಮೂರು ವರ್ಷ, ಶೆಡ್ಡು, ಹೆಪ್ಪು, ಸೊಸೆ, ಎಲ್ಲ. ಒಂದನ್ನೂ ಮುಚ್ಚಿಡುತ್ತಿರಲಿಲ್ಲ. ಹೇಳಿ ಮುಗಿಸಿದಾಗ ಸ್ನೇಹಲಳ ತಾಯಿ ಒಮ್ಮೆ ಮೂಗು ಒರೆಸಿಕೊಂಡದ್ದು ಕೇಳಿಸಿತು.

ಆಮೇಲೆ ಅವಳ ತಂದೆ ಕರೆದರು. ಕರೆದ ದನಿಯಲ್ಲಿ ಒಪ್ಪಿಗೆ ಇತ್ತೋ ಇಲ್ಲವೋ ತಿಳಿಯುವಂತಿರಲಿಲ್ಲ.

"ಸ್ನೇಹಲಾ, ಒಳಗ ಬಾ. ಅವರನ್ನೂ ಕರಕೊಂಡ ಬಾ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಯಾರು ಮೊದಲು ಕೈ ಚಾಚಿದರೋ ಗೊತ್ತಾಗಲಿಲ್ಲ. ಇಬ್ಬರ ಕೈಯೂ ತಣ್ಣಗಿತ್ತು. ಹೊಸ್ತಿಲು ದಾಟಿ ಎಲ್ಲರ ಎದುರು ನಿಂತಾಗಲೂ ಬಿಡಲಿಲ್ಲ.